ಫಾರಂನೊಳಗಿನ ಕಪ್ಪು ನಾಯಿ

ದಿಲ್ಲಿಯಲ್ಲಿ ಕಾರು ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಹಿಂದಿನಿಂದ ಯಾರಾದರೂ ಗುದ್ದುತ್ತಾರೆ. ಗುದ್ದಿದವನೇ ಇಳಿದು ಬಂದು ಗುದ್ದಿಸಿಕೊಂಡವನನ್ನು ಬೈಯುತ್ತಾನೆ. ಇದರಲ್ಲಿ ಹೊಸದೇನಿಲ್ಲ. ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಚಿದಂಬರ ಅವರಿಗೆ ಆದದ್ದು ಸ್ವಲ್ಪ ಬೇರೆ. ಅವರನ್ನು ಯಾರೂ ಬೈಯಲಿಲ್ಲ.

೨೦೦೬ರ ಜನವರಿ. ಬೆಳಗ್ಗೆ ಏಳು ಗಂಟೆ. ಮಗಳು ಹರಿಣಿಯನ್ನು ಟ್ಯೂಷನ್ನಿಗೆ ಬಿಡಲು ಚಿದಂಬರ ತಮ್ಮ ಬಿಳಿ ಮಾರುತಿಯಲ್ಲಿ ಹೊರಟಿದ್ದರು. ಕಾರಿನ ಮೂತಿಯೇ ಕಾಣದಷ್ಟು ಮಂಜು. ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ ಮಾತ್ರ ಆಧಾರವಿಲ್ಲದೆ ಗಾಳಿಯಲ್ಲಿ ತೇಲುತ್ತಿತ್ತು. ಅವರು ಕಾರು ನಿಲ್ಲಿಸಿದರು. ಒಂದು ಕ್ಷಣ ಕಳೆದ ಮೇಲೆ, ಮನೆಯ ಬಾಗಿಲನ್ನು ಯಾರೋ ತಟ್ಟಿದ ಹಾಗೆ, ಹಿಂದಿನಿಂದ ಠಕ್ ಎಂದಿತು.

ಇಳಿದು ನೋಡಿದರು. ಬೂದು ಬಣ್ಣದ ಒಂದು ಕಾರು ಇವರ ಕಾರಿನ ಬೆನ್ನಿಗೆ ಮೂತಿ ಇಟ್ಟು ನಿಂತಿತ್ತು. ಅದರಿಂದ ಇಳಿದವನು ಕಣ್ಣಿನ ತನಕ ಮಫ್ಲರ್ ಸುತ್ತಿದ್ದ. ಎರಡೂ ಕೈ ಜೋಡಿಸಿದ. ಮೇರೀ ಗಲ್ತೀ ಹೈ ಅಂಕಲ್, ತಪ್ಪು ನನ್ನದೇ ಎಂದು ಬಹಳ ಮೆತ್ತಗೆ ಹೇಳಿ, ಮತ್ತೆ ಮಂಜಿನೊಳಗೆ ಹೋದ. ದಿಲ್ಲಿಯಲ್ಲಿ ಹೀಗೆ ತಪ್ಪು ಒಪ್ಪಿಕೊಂಡವನನ್ನು ಚಿದಂಬರ ಅದುವರೆಗೆ ಕಂಡಿರಲಿಲ್ಲ. ಅವರಿಗೆ ಅನುಮಾನ ಬರಬೇಕಾಗಿದ್ದದ್ದು ಅಲ್ಲಿಯೇ.

ಬಂಪರು ಮುರಿದಿತ್ತು, ಡಿಕ್ಕಿಯ ಬಾಗಿಲು ಸೊಟ್ಟಗಾಗಿತ್ತು. ಅಷ್ಟೇ. ಚಿದಂಬರ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಇಪ್ಪತ್ತೊಂಬತ್ತು ವರ್ಷದ ಸರ್ವೀಸು. ಆ ಕಾರಿನ ನಂಬರನ್ನು ಅಲ್ಲಿಯೇ ಅಂಗೈಯ ಮೇಲೆ ಬರೆದುಕೊಂಡರು. ಆಫೀಸು ಸೇರಿದ ಮೇಲೆ ವಿಮಾ ಕಂಪನಿಗೆ ಒಂದು ಪತ್ರ ಬರೆದರು. ‘ಕೆಂಪು ದೀಪಕ್ಕೆ ನನ್ನ ಕಾರು ನಿಂತಿತ್ತು, ಹಿಂದಿನಿಂದ ಬಂದ ಈ ನಂಬರಿನ ಕಾರು ತಗುಲಿತು’ ಎಂದು ಎರಡೇ ಸಾಲು. ತಾವೇ ಹೋಗಿ ಕೊಟ್ಟು, ಅಭ್ಯಾಸಬಲದಿಂದ ಪ್ರತಿಯ ಮೇಲೆ ಕಂಪನಿಯ ಮೊಹರು ಒತ್ತಿಸಿಕೊಂಡು ಬಂದರು. ಆ ಪ್ರತಿಯನ್ನು ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಹರಿಣಿಯ ಜನನ ಪ್ರಮಾಣಪತ್ರದ ಕೆಳಗೆ ಇಟ್ಟು ಮರೆತರು.

ಮಾರನೆಯ ದಿನ ಕೋಟ್ಲಾದ ಒಂದು ಗ್ಯಾರೇಜಿಗೆ ಕಾರು ಹೋಯಿತು. ಯಜಮಾನ ಸತ್ವೀರ್. ಎಲ್ಲ ನಾನು ನೋಡಿಕೊಳ್ಳುತ್ತೇನೆ ಸಾಬ್, ನೀವು ಇಲ್ಲೊಂದು ಸಹಿ ಹಾಕಿ ಸಾಕು ಎಂದು ಕ್ಲೇಮ್ ಫಾರಂ ಚಾಚಿದ. ಫಾರಂ ಪೂರ್ತಿ ಖಾಲಿ. ಕೆಳಗಡೆ, ಸಹಿಯ ಜಾಗದಲ್ಲಿ, ಪೆನ್ಸಿಲಿನ ಒಂದು ಸಣ್ಣ ಕತ್ತರಿ ಗುರುತು.

ಸರ್ಕಾರಿ ಕಚೇರಿಯಲ್ಲಿ ಕೂತವರಿಗೆ ಈ ಗುರುತಿನ ಮಹಿಮೆ ಗೊತ್ತು. ಮೇಲಿನವರು ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಕೆಳಗಿನವರು ಪೆನ್ಸಿಲಿನಲ್ಲಿ ಹೀಗೆ ಗುರುತು ಮಾಡಿ ಫೈಲು ಕಳಿಸುತ್ತಾರೆ. ಕಣ್ಣು ಗುರುತನ್ನು ಹುಡುಕುತ್ತದೆ, ಕೈ ಸಹಿ ಹಾಕುತ್ತದೆ. ತಲೆ ಆ ಹೊತ್ತಿನಲ್ಲಿ ಟಿಫಿನ್ ಡಬ್ಬಿಯಲ್ಲಿ ಏನಿರಬಹುದು ಎಂದು ಯೋಚಿಸುತ್ತಿರುತ್ತದೆ. ಚಿದಂಬರ ಅವರ ಕೈ ಇಪ್ಪತ್ತೊಂಬತ್ತು ವರ್ಷ ಹೀಗೆ ದುಡಿದಿತ್ತು. ಗುರುತು ಕಂಡಿತು. ಸಹಿ ಬಿತ್ತು. ಫಾರಂನಲ್ಲಿ ಬೇರೇನೂ ಇಲ್ಲವೆಂಬುದು ಅವರ ಗಮನಕ್ಕೆ ಬಂದದ್ದು ಮನೆಗೆ ಬಂದು ಚಹಾ ಕುಡಿಯುವಾಗ. ‘ಹೋಗಲಿ, ತುಂಬಿಕೊಳ್ಳುತ್ತಾನೆ’ ಅಂದುಕೊಂಡರು.

ತುಂಬಿಕೊಂಡ.

ಹದಿನೈದು ದಿನದ ಮೇಲೆ ಕಂಪನಿಯಿಂದ ಪತ್ರ ಬಂತು. ನಿಮ್ಮ ಪತ್ರಕ್ಕೂ ನಿಮ್ಮ ಫಾರಂಗೂ ತಾಳೆಯಿಲ್ಲ, ನೀವು ಸತ್ಯವನ್ನು ಮರೆಮಾಚಿದ್ದೀರಿ, ಆದ್ದರಿಂದ ನಿಮ್ಮ ಕ್ಲೇಮು ತಿರಸ್ಕೃತವಾಗಿದೆ ಎಂದು ಅದರಲ್ಲಿತ್ತು. ಜೊತೆಗೆ ಫಾರಂನ ಜೆರಾಕ್ಸ್. ಅಪಘಾತ ಹೇಗಾಯಿತು ಎಂಬ ಕಾಲಮಿನಲ್ಲಿ ಯಾರದೋ ದುಂಡು ಅಕ್ಷರದಲ್ಲಿ ಹೀಗೆ ಬರೆದಿತ್ತು: ‘ಬೆಳಗಿನ ಮಂಜಿನಲ್ಲಿ ಒಂದು ಕಪ್ಪು ನಾಯಿ ನನ್ನ ಕಾರಿಗೆ ಅಡ್ಡ ಬಂತು. ಗಾಬರಿಯಿಂದ ನಾನು ಕಾರನ್ನು ಹಿಂದಕ್ಕೆ ತೆಗೆದೆ. ಹಿಂದೆ ನಿಂತಿದ್ದ ಕಾರಿಗೆ ತಗುಲಿತು. ತಪ್ಪು ನನ್ನದು.’

ಕೆಳಗೆ ಚಿದಂಬರ ಅವರ ಸಹಿ. ಬಾಲ ಸ್ವಲ್ಪ ಮೇಲಕ್ಕೆತ್ತಿದ, ಯಾರೂ ನಕಲು ಮಾಡಲಾರದ ಸಹಿ.

ಹೆಂಡತಿ ಮನೋರಮಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಅವರಿಗೆ ಮುದ್ರಿತ ಕಾಗದದ ಮೇಲೆ ಭಕ್ತಿ ಹೆಚ್ಚು.

“ಅಷ್ಟು ದೊಡ್ಡ ಕಂಪನಿ ಸುಮ್ಮನೆ ಯಾಕ್ರೀ ಬರೆಯತ್ತೆ? ಸಹಿ ನಿಮ್ಮದೇ ತಾನೆ?”

“ಸಹಿ ನನ್ನದೇ. ನಾಯಿ ನನ್ನದಲ್ಲ.”

“ಮಂಜು ಬೇರೆ. ನೀವು ಕನ್ನಡಕ ಒರೆಸಿಕೊಂಡಿದ್ರೋ ಇಲ್ವೋ.”

ಚಿದಂಬರ ಕನ್ನಡಕ ತೆಗೆದು ಒರೆಸಿಕೊಂಡರು. ಆ ನಾಲ್ಕು ಸಾಲು ಓದಿದ ಮೇಲೆ ಅವರಿಗೆ ಆ ಬೆಳಗು ಮೊದಲಿನ ಹಾಗೆ ನೆನಪಾಗುತ್ತಿರಲಿಲ್ಲ. ತೇಲುವ ಕೆಂಪು ದೀಪದ ಕೆಳಗೆ ಏನೋ ಕಪ್ಪಗೆ ಸುಳಿದ ಹಾಗಿತ್ತು. ಮೂವತ್ತು ವರ್ಷ ಕಡತ ನೋಡಿದವರಿಗೆ ಇದೊಂದು ಕಾಯಿಲೆ. ಕಣ್ಣು ಕಂಡದ್ದಕ್ಕೂ ಕಡತದಲ್ಲಿ ಇರುವುದಕ್ಕೂ ಜಗಳ ಬಂದರೆ ಅವರು ಕಡತದ ಕಡೆ ನಿಲ್ಲುತ್ತಾರೆ.

ನಾಯಿ ಬಂದದ್ದು ಮಾರನೆಯ ಬೆಳಗ್ಗೆ. ಕೆಳಗಿನ ಮೆಟ್ಟಿಲ ಬಳಿ, ನಿಲ್ಲಿಸಿದ್ದ ಸ್ಕೂಟರುಗಳ ನಡುವೆ ಕೂತಿತ್ತು. ಕರೀ ನಾಯಿ. ಬೊಗಳಲಿಲ್ಲ, ಬಾಲ ಆಡಿಸಲಿಲ್ಲ, ಪರಿಚಯದವರನ್ನು ನೋಡುವಂತೆ ನೋಡಿತು. ಅದರ ಎಡಗಿವಿ ಮಡಿಚಿಕೊಂಡಿತ್ತು. ಕಾಲೊನಿಯಲ್ಲಿ ನಾಯಿಗಳಿಗೇನು ಬರ ಎಂದು ಚಿದಂಬರ ತಮಗೇ ಹೇಳಿಕೊಂಡರು. ಹಿಂದೆ ಬರುತ್ತಿದ್ದ ಹರಿಣಿಗೆ ತೋರಿಸಲು ತಿರುಗಿದರು. ಮತ್ತೆ ನೋಡುವಾಗ ಸ್ಕೂಟರುಗಳು ಮಾತ್ರ ಇದ್ದವು.

ಆಮೇಲೆ ಅದು ದಿನವೂ ಬಂತು. ಒಂದು ದಿನ ಹಾಲಿನ ಬೂತಿನ ಪಕ್ಕ, ಇನ್ನೊಂದು ದಿನ ಬಸ್ ಸ್ಟಾಪಿನ ಬೆಂಚಿನ ಕೆಳಗೆ. ಮಂಜಿದ್ದಾಗ ಮಾತ್ರ. ನಾಲ್ಕನೆಯ ದಿನ ಅದೇ ಸಿಗ್ನಲ್ಲಿನಲ್ಲಿ, ಅದೇ ಕೆಂಪು ದೀಪದ ಕೆಳಗೆ, ರಿಪೇರಿಯಾಗಿ ಬಂದಿದ್ದ ಕಾರಿನ ಮುಂದೆಯೇ ನಿಂತಿತ್ತು. ಚಿದಂಬರ ಅವರ ಕೈ ಗೇರಿನ ಮೇಲೆ ಹೋಯಿತು. ಅವರು ಒಯ್ಯಲಿಲ್ಲ, ಅದೇ ಹೋಯಿತು. ಕಾರು ಹಿಂದಕ್ಕೆ ಜಾರಿತು.

“ಪಪ್ಪಾ, ಕ್ಯಾ ಕರ್ ರಹೇ ಹೋ? ಹಿಂದೆ ಗಾಡೀ ಇದೆ.”

ಹಿಂದಿನ ಬಸ್ಸು ಜೀವ ಹೋಗುವ ಹಾಗೆ ಹಾರ್ನ್ ಹೊಡೆಯಿತು. ಒಂದು ಗೇಣು ಬಾಕಿ ಇರುವಾಗ ಕಾರು ನಿಂತಿತು. ಮುಂದೆ ಏನೂ ಇರಲಿಲ್ಲ. ಹರಿಣಿ ಅಪ್ಪನ ಮುಖ ನೋಡಿದಳು. ಫಾರಂನಲ್ಲಿ ಬರೆದದ್ದು ಅಕ್ಷರಶಃ ಆಗಲು ಒಂದು ಗೇಣು ಮಾತ್ರ ಉಳಿದಿತ್ತು ಎಂದು ಚಿದಂಬರ ಅವರಿಗೆ ಹೊಳೆಯಿತು. ಅಂದಿನಿಂದ ಅವರು ಕಾರು ಮುಟ್ಟಲಿಲ್ಲ. ಮಗಳು ಆಟೋದಲ್ಲಿ ಹೋದಳು.

ಆ ಭಾನುವಾರ ಬೆಳಗ್ಗೆ ಮನೆಗೆ ಒಬ್ಬ ಬಂದ. ಬೂದು ಕಾರಿನವರ ಕಡೆಯವನು ಎಂದ. ಬಹಳ ಸಭ್ಯ. ಚಪ್ಪಲಿ ಹೊರಗೆ ಬಿಟ್ಟ, ಮಫ್ಲರ್ ಮಾತ್ರ ಬಿಚ್ಚಲಿಲ್ಲ. ನೀವೇ ಫಾರಂನಲ್ಲಿ ತಪ್ಪು ಒಪ್ಪಿಕೊಂಡಿದ್ದೀರಿ, ಇನ್ನು ಎಳೆದಾಡುವುದೇಕೆ, ರಾಜಿ ಮಾಡಿಕೊಳ್ಳೋಣ ಎಂದು ಒಂದು ಕಾಗದ ಬಿಚ್ಚಿಟ್ಟ. ತಪ್ಪು ಪೂರ್ತಿ ನನ್ನದು, ಎರಡೂ ಕಾರುಗಳ ರಿಪೇರಿ ನನ್ನದು, ಮುಂದೆ ಯಾವ ಕಂಪನಿಯ ಮುಂದೆಯೂ ಯಾವ ತಕರಾರೂ ಎತ್ತುವುದಿಲ್ಲ ಎಂದು ಹಿಂದಿಯಲ್ಲಿ ಟೈಪಾಗಿತ್ತು. ಕೆಳಗೆ ಪೆನ್ಸಿಲಿನ ಸಣ್ಣ ಕತ್ತರಿ ಗುರುತು.

ಮನೋರಮಾ ಬಾಗಿಲಲ್ಲಿ ನಿಂತು, ಹಾಕಿಬಿಡಿ, ಪೀಡೆ ತೊಲಗಲಿ ಎಂದರು. ಅವರ ಕಷ್ಟವೂ ಸಣ್ಣದಲ್ಲ. ಗಂಡ ವಾರದಿಂದ ಕಿಟಕಿಯ ಹತ್ತಿರ ಹೋಗುತ್ತಿರಲಿಲ್ಲ. ಚಿದಂಬರ ಜೇಬಿನ ಪೆನ್ನು ತೆಗೆದರು. ನಾನೇ ಹಿಂದಕ್ಕೆ ತೆಗೆದಿರಬಹುದು ಎಂದು ಅವರಿಗೆ ಆಗಲೇ ಮುಕ್ಕಾಲು ನಂಬಿಕೆ ಬಂದಿತ್ತು. ಉಳಿದ ಕಾಲು ಪಾಲೂ ಆ ಸಹಿಯೊಂದಿಗೆ ಹೋಗುತ್ತಿತ್ತು. ಮಾಡದ ತಪ್ಪನ್ನು ಮಾಡಿದ, ಮಾಡಿ ಸುಳ್ಳು ಹೇಳಿದ ಒಬ್ಬ ಚಿದಂಬರ ಕಾಯಂ ಆಗಿ ಉಳಿಯುತ್ತಿದ್ದ. ಪೆನ್ನಿನ ಮೊನೆ ಗುರುತಿನ ಕಡೆ ತಾನಾಗಿ ಇಳಿಯಿತು.

ಆಗ ಕೆಳಗಿನ ಮನೆಯ ವೈಜಯಂತಿ ಒಳಗೆ ಬಂದರು. ಅವರ ಕೈಯಲ್ಲಿ ವಾರದ ಹಿಂದೆ ಒಯ್ದ ಚಕ್ಕುಲಿ ಒರಳು. ಈಕೆ ಗ್ರಾಹಕರ ವೇದಿಕೆಯ ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಕೌಂಟರಿನವರು. ದಿನಕ್ಕೆ ನಲವತ್ತು ಜನರ ಗೋಳು ಕೇಳಿ ಕೇಳಿ ಮುಖದಲ್ಲಿ ಆಶ್ಚರ್ಯ ಎಂಬುದೇ ಉಳಿದಿರಲಿಲ್ಲ. ಒರಳನ್ನು ಟೀಪಾಯಿಯ ಮೇಲೆ, ಸರಿಯಾಗಿ ಆ ಕಾಗದದ ಮೇಲೆಯೇ, ಇಟ್ಟರು. ಬಗ್ಗಿ ಓದಿದರು.

“ಹರಿಣಿ, ನಿನ್ನ ಜಾಮಿಟ್ರಿ ಬಾಕ್ಸಿನಿಂದ ರಬ್ಬರ್ ತಾ.”

ಹರಿಣಿ ತಂದಳು. ವೈಜಯಂತಿ ಒರಳು ಸರಿಸಿ, ಪೆನ್ಸಿಲ್ ಗುರುತನ್ನು ಮೆಲ್ಲಗೆ ಉಜ್ಜಿ ಅಳಿಸಿ, ಪುಡಿ ಊದಿದರು.

“ಈಗ ಹಾಕಿ ಸರ್, ನೋಡೋಣ.”

ಚಿದಂಬರ ಅವರ ಪೆನ್ನು ಗಾಳಿಯಲ್ಲಿ ನಿಂತಿತು. ಗುರುತಿಲ್ಲದ ಕಾಗದದ ಮೇಲೆ ಎಲ್ಲಿ ಇಳಿಯಬೇಕೆಂದು ಅದಕ್ಕೆ ತಿಳಿಯಲಿಲ್ಲ. ಕೈ ನಿಂತಾಗ ತಲೆ ಕೆಲಸಕ್ಕೆ ಬಂತು. ಅವರು ಮೊದಲ ಸಲ ಕಾಗದವನ್ನು ಮೇಲಿನಿಂದ ಓದತೊಡಗಿದರು. ಅರ್ಧ ಓದುವಷ್ಟರಲ್ಲಿ ಪೆನ್ನಿಗೆ ಮುಚ್ಚಳ ಹಾಕಿದರು. ಬಂದವನು, ಮೇಡಂ, ಇದು ಸರಿಯಲ್ಲ ಎಂದ. ಸರಿಯಿಲ್ಲದಿದ್ದರೆ ನಿಮ್ಮ ಹೆಸರು, ವಿಳಾಸ ಬರೆದುಕೊಟ್ಟು ಹೋಗಿ, ನಮ್ಮ ಕಚೇರಿಯಿಂದಲೇ ಉತ್ತರ ಕಳಿಸುತ್ತೇವೆ ಎಂದರು ವೈಜಯಂತಿ. ಅವನು ಬರೆಯಲಿಲ್ಲ. ಚಪ್ಪಲಿ ಮೆಟ್ಟಿದ ಸದ್ದು ಕೇಳಿಸಿತು. ಮೆಟ್ಟಿಲು ಇಳಿದ ಸದ್ದು ಯಾರಿಗೂ ಕೇಳಿಸಲಿಲ್ಲ.

ವೈಜಯಂತಿ ಹರಿಣಿಯನ್ನು ಹತ್ತಿರ ಕೂರಿಸಿಕೊಂಡು, ಅವತ್ತು ನೀನು ಕಾರಿನಲ್ಲೇ ಇದ್ದೆಯಲ್ಲ, ಏನಾಯಿತು ಎಂದು ಕೇಳಿದರು.

“ಕಾರು ನಿಂತಿತ್ತು ಆಂಟಿ. ರೆಡ್ ಲೈಟ್ ಥೀ. ನಾನು ಕೆಮಿಸ್ಟ್ರಿ ಓದ್ತಾ ಇದ್ದೆ, ಹಿಂದಿಂದ ಠಕ್ ಅಂತು. ಕೋಈ ಕುತ್ತಾ ವುತ್ತಾ, ನಾಯಿಗೀಯಿ ಇರ್ಲಿಲ್ಲ.”

“ಅಪ್ಪನಿಗೆ ಯಾಕೆ ಹೇಳ್ಲಿಲ್ಲ?”

“ಕಿಸೀ ನೇ ಪೂಛಾ ಹೀ ನಹೀ. ಯಾರೂ ಕೇಳ್ಲೇ ಇಲ್ಲ.”

ಮನೋರಮಾ ತಲೆ ತಗ್ಗಿಸಿದರು. ಮನೆಯೊಳಗೇ ಸಾಕ್ಷಿ ಕೂತು ಮೂರು ವಾರದಿಂದ ಚಪಾತಿ ತಿನ್ನುತ್ತಿತ್ತು.

ಚಿದಂಬರ ಆಗ ನಾಚಿಕೊಳ್ಳುತ್ತ ನಾಯಿಯ ಸಂಗತಿ ಹೇಳಿದರು. ಫಾರಂನಲ್ಲಿ ಬಂದದ್ದು, ಆಮೇಲೆ ಮೆಟ್ಟಿಲ ಬಳಿ ಬಂದದ್ದು, ಸಿಗ್ನಲ್ಲಿನಲ್ಲಿ ನಿಂತದ್ದು. ವೈಜಯಂತಿ ಚಹಾ ಕುಡಿಯುತ್ತ, ಈ ನಾಯಿ ನಮ್ಮ ಕಚೇರಿಗೆ ಚೆನ್ನಾಗಿ ಗೊತ್ತು ಎಂದರು. ಕೆಲವು ಗ್ಯಾರೇಜಿನವರು ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು, ಗುದ್ದಿದವರ ತಪ್ಪನ್ನು ಗುದ್ದಿಸಿಕೊಂಡವರ ತಲೆಗೆ ಕಟ್ಟಲು, ಒಂದೇ ಕಥೆಯನ್ನು ಎಲ್ಲದರಲ್ಲೂ ಇಳಿಸುತ್ತಾರೆ. ಪಾಪದ ಪ್ರಾಣಿ ನೋಯ್ಡಾದಿಂದ ಗುಡಗಾಂವ್‌ವರೆಗೆ ಮೂರು ವರ್ಷದಿಂದ ಕಾರುಗಳಿಗೆ ಅಡ್ಡ ಬರುತ್ತಲೇ ಇದೆ, ಒಮ್ಮೆಯೂ ಸತ್ತಿಲ್ಲ. ಮನೋರಮಾ ಆ ವಾರದಲ್ಲಿ ಮೊದಲ ಸಲ ನಕ್ಕರು.

“ಅದರ ಎಡಗಿವಿ ಮಡಿಚಿರತ್ತೆ,” ಎಂದರು ಚಿದಂಬರ.

ವೈಜಯಂತಿಯ ಲೋಟ ತುಟಿಯ ಹತ್ತಿರ ನಿಂತಿತು.

“ಕಿವಿಯ ವಿಷಯ ಯಾವ ಫಾರಂನಲ್ಲೂ ಇಲ್ಲ,” ಎಂದರು. “ಹೋದ ಚಳಿಗಾಲ ಗುಡಗಾಂವ್‌ನಿಂದ ಒಬ್ಬರು ರಿಟೈರ್ಡ್ ಮೇಷ್ಟ್ರು ಬಂದಿದ್ರು. ಇದೇ ಥರದ ಫಾರಂ. ದೂರು ಕೊಟ್ಟು ಹೊರಟವರು ವಾಪಸ್ ಬಂದು, ಕೌಂಟರಿಗೆ ಬಗ್ಗಿ ಕೇಳಿದ್ರು. ಆ ನಾಯಿಯ ಒಂದು ಕಿವಿ ಮಡಿಚಿದೆ ಅಂತ ಬೇರೆ ಯಾರಾದ್ರೂ ಹೇಳಿದ್ದಾರಾ ಅಂತ. ಇಲ್ಲ ಅಂದಿದ್ದೆ.”

ವೈಜಯಂತಿ ಲೋಟ ಕೆಳಗಿಟ್ಟು, ಕಾಗದ ಪೆನ್ಸಿಲ್ ಬೇಡ, ಕಾಗದ ಪೆನ್ನು ತನ್ನಿ ಎಂದರು. ನಾಯಿಯ ಬಗ್ಗೆ ತಮ್ಮ ಹತ್ತಿರ ಉತ್ತರವಿಲ್ಲ, ಫಾರಂನ ಬಗ್ಗೆ ಇದೆ ಎಂಬುದು ಅವರ ಧೋರಣೆ.

ಮೊದಲು ನಿಮ್ಮದೇ ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಬೇಕು ಎಂದರು. ಕಂಪನಿ ಕಳಿಸಿದ ಸರ್ವೇಯರ್ ಬಂದು ಕಾರು ನೋಡಿ ಬರೆದ ವರದಿಯ ಪ್ರತಿಯನ್ನು ಕೇಳಬೇಕು. ಕೇಳಿದರೆ ಕೊಡಲೇಬೇಕು, ಆದರೆ ಕೇಳುವವರೇ ಇಲ್ಲ. ಒಂದು ತಿಂಗಳು ಕಾಯಬೇಕು. ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ವಿಮಾ ಲೋಕಪಾಲರ ಕಚೇರಿ ಇದೆ. ಅಲ್ಲಿ ಫೀಸಿಲ್ಲ, ವಕೀಲರೂ ಬೇಡ, ಆದರೆ ವರ್ಷದೊಳಗೆ ಹೋಗಬೇಕು. ಅದಲ್ಲದೆ ತಮ್ಮ ವೇದಿಕೆಯಂತೂ ಇದ್ದೇ ಇದೆ.

“ಸಹಿ ನನ್ನದೇ ಆಗಿರೋವಾಗ ಯಾರು ನಂಬ್ತಾರೆ?” ಎಂದರು ಚಿದಂಬರ.

“ಸಹಿ ನಿಮ್ಮದು ಅಂತಲೇ ಬರೀರಿ. ಖಾಲಿ ಫಾರಂಗೆ ಹಾಕಿದೆ, ಒಕ್ಕಣೆ ನನ್ನದಲ್ಲ, ಅಕ್ಷರ ನನ್ನದಲ್ಲ ಅಂತಲೂ ಬರೀರಿ. ತಪ್ಪು ಎಷ್ಟಿದೆಯೋ ಅಷ್ಟನ್ನೇ ಒಪ್ಕೊಳ್ಳಿ ಸರ್. ಅದಕ್ಕಿಂತ ಒಂದು ಗ್ರಾಂ ಜಾಸ್ತಿ ಬೇಡ. ಅವತ್ತೇ ಬರೆದ ಕಾಗದ ಏನಾದ್ರೂ ಇದೆಯಾ?”

ಆಗ ಕಬ್ಬಿಣದ ಪೆಟ್ಟಿಗೆ ತೆರೆಯಿತು. ಜನನ ಪ್ರಮಾಣಪತ್ರದ ಕೆಳಗಿನಿಂದ ಆ ಎರಡು ಸಾಲಿನ ಪತ್ರ ಹೊರಬಂತು. ಅದರ ಮೇಲೆ ಕಂಪನಿಯದೇ ಮೊಹರು, ಅಪಘಾತದ ದಿನದ್ದೇ ತಾರೀಕು, ಹನ್ನೊಂದು ನಲವತ್ತರ ಸಮಯ. ಫಾರಂಗಿಂತ ಒಂದು ದಿನ ಹಿರಿಯದು. ಯಾವ ಕಚೇರಿಯ ಅಭ್ಯಾಸ ಅವರನ್ನು ಕೆಡವಿತ್ತೋ ಅದೇ ಅಭ್ಯಾಸ ಮೇಲೆತ್ತಲು ಬಂದಿತ್ತು.

ಮಾರನೆಯ ಬೆಳಗ್ಗೆ ಅಪ್ಪ ಮಗಳು ನಡೆದುಕೊಂಡೇ ಸಿಗ್ನಲ್ಲಿಗೆ ಹೋದರು. ಮೂಲೆಯಲ್ಲಿ ಬೇಯಿಸಿದ ಮೊಟ್ಟೆ ಮಾರುವ ಭಯ್ಯಾ ಇದ್ದ. ಅವನಿಗೆ ಎಲ್ಲ ನೆನಪಿತ್ತು. ಬಿಳಿ ಗಾಡಿ ನಿಂತಿತ್ತು, ಬೂದು ಗಾಡಿ ಬಂದು ತಗುಲಿತು ಎಂದು ಬರೆಸಿ ಹೆಬ್ಬೆಟ್ಟು ಒತ್ತಿದ. ಒತ್ತುವ ಮೊದಲು ಹರಿಣಿಯಿಂದ ಎರಡು ಸಲ ಓದಿಸಿಕೊಂಡ. ಸೆಕ್ಷನ್ ಆಫೀಸರು ಅದನ್ನು ಗಮನಿಸಿದರು. ನಾಯಿ ಇತ್ತೇ ಎಂದು ಕೇಳಿದ್ದಕ್ಕೆ, ಈ ಚೌಕದ ನಾಯಿಗಳೆಲ್ಲ ಚಳಿಗೆ ನನ್ನ ಒಲೆಯ ಹತ್ತಿರವೇ ಮಲಗುತ್ತವೆ ಸಾಬ್, ಎರಡು ಕಂದು, ಒಂದು ಬಿಳಿ, ಕರಿಯದು ಯಾವುದೂ ಇಲ್ಲ ಎಂದ.

ಪತ್ರ ಹೋಯಿತು. ಸರ್ವೇಯರನ ವರದಿಯ ಪ್ರತಿಯೂ ಬಂತು. ಓಡುತ್ತಿರುವ ಕಾರು ಬ್ರೇಕ್ ಒತ್ತಿದಾಗ ಮೂತಿ ತಗ್ಗಿಸುತ್ತದೆ, ಈ ಕಾರಿನ ಗೀರುಗಳು ಬಂಪರಿನ ಕೆಳಭಾಗದಲ್ಲಿವೆ, ಆದ್ದರಿಂದ ಹಿಂದಿನ ಕಾರೇ ಬಂದು ಗುದ್ದಿರುವಂತಿದೆ ಎಂದು ಆತ ಮೊದಲೇ ಬರೆದಿದ್ದ. ಅದು ಕಂಪನಿಯ ಕಡತದಲ್ಲೇ ಇತ್ತು, ಫಾರಂನ ಕೆಳಗೆ. ಪುಟ ತಿರುಗಿಸಲು ಯಾರಿಗೂ ಪುರಸತ್ತಾಗಿರಲಿಲ್ಲ. ಬೂದು ಕಾರೂ ರಿಪೇರಿಗೆ ಅದೇ ಕೋಟ್ಲಾದ ಗ್ಯಾರೇಜಿಗೆ ಹೋಗಿದೆ, ಅದರ ಫಾರಂ ತುಂಬಿದ್ದೂ ಅದೇ ದುಂಡು ಅಕ್ಷರ ಎಂಬುದು ಪುಟ ತಿರುಗಿಸತೊಡಗಿದ ಮೇಲೆ ಗೊತ್ತಾಯಿತು. ಇಪ್ಪತ್ತಾರನೆಯ ದಿನ ಕಂಪನಿ ತನ್ನ ತಿರಸ್ಕಾರವನ್ನು ಹಿಂದಕ್ಕೆ ಪಡೆಯಿತು. ತಪ್ಪು ನಿಮ್ಮದಲ್ಲವೆಂದು ಬರವಣಿಗೆಯಲ್ಲಿ ತಿಳಿಸಿತು. ಲೋಕಪಾಲರ ತನಕ ಹೋಗಬೇಕಾಗಲಿಲ್ಲ.

ಮನೋರಮಾ ಆ ಪತ್ರವನ್ನೂ ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಆಮೇಲೆ ತಾವೇ ಒಂದು ನಿಯಮ ಮಾಡಿದರು. ಈಗ ಆ ಮನೆಯಲ್ಲಿ ಗ್ಯಾಸಿನವನ ರಸೀದಿಯಿಂದ ಹಿಡಿದು ಶಾಲೆಯ ಫಾರಂವರೆಗೆ ಯಾವುದಕ್ಕೂ ಗಟ್ಟಿಯಾಗಿ ಓದದೆ ಸಹಿ ಬೀಳುವುದಿಲ್ಲ. ಗ್ಯಾಸಿನವನು ಇವರ ಮನೆಗೆ ಕೊನೆಯಲ್ಲಿ ಬರುತ್ತಾನೆ.

ಇನ್ನು ನಾಯಿ. ‘ಒಕ್ಕಣೆ ನನ್ನದಲ್ಲ’ ಎಂಬ ಪತ್ರವನ್ನು ಕೊಡಲು ಚಿದಂಬರ ಹೊರಟ ಬೆಳಗ್ಗೆ ಅದು ಮೆಟ್ಟಿಲ ಬಳಿಯೇ ಕೂತಿತ್ತು. ಅವರ ಕೈಯಲ್ಲಿದ್ದ ಲಕೋಟೆಯನ್ನು ನೋಡಿತು. ಎದ್ದು ಮೈ ಕೊಡವಿತು. ಮಂಜಿನೊಳಗೆ, ಅವಸರವಿಲ್ಲದೆ, ಕೋಟ್ಲಾದ ಕಡೆ ನಡೆದು ಹೋಯಿತು. ಇವರ ಕಣ್ಣಿಗೆ ಮತ್ತೆ ಬೀಳಲಿಲ್ಲ.

ಇದನ್ನು ಓದುತ್ತಿರುವ ನಿಮಗೂ ಕಾರಿದ್ದರೆ, ನಾಳೆ ಯಾರಾದರೂ ಗುದ್ದಿದರೆ, ಗಾಬರಿಯಾಗಬೇಡಿ. ಆ ಗಾಡಿಯ ನಂಬರ್ ಬರೆದುಕೊಳ್ಳಿ. ಸುತ್ತ ಯಾರಿದ್ದರು ನೋಡಿ, ಪಕ್ಕದಲ್ಲಿ ಕೂತ ಮಗುವನ್ನೂ ಕೇಳಿ. ನಡೆದದ್ದನ್ನು ಅಂದೇ ನಿಮ್ಮ ಮಾತಿನಲ್ಲಿ, ನಿಮ್ಮ ಕೈಯಲ್ಲಿ ಬರೆದು ಕಂಪನಿಗೆ ಕೊಟ್ಟು, ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಗೆರೆ ಎಳೆಯದ ಖಾಲಿ ಜಾಗ ಒಂದಿದ್ದರೂ ಸಹಿ ಹಾಕಬೇಡಿ. ಕಂಪನಿ ಇಲ್ಲ ಎಂದರೆ ಅದೇ ಕೊನೆಯ ಮಾತೆಂದು ತಿಳಿಯಬೇಡಿ, ಕೇಳುವ ಜಾಗಗಳಿವೆ.

ಯಾರಾದರೂ ಖಾಲಿ ಫಾರಂ ಚಾಚಿ, ಇಲ್ಲೊಂದು ಸಹಿ ಸಾಕು ಎಂದಾಗ ಅದರ ಕೆಳಗೆ ಪೆನ್ಸಿಲಿನ ಸಣ್ಣ ಗುರುತಿದೆಯೇ ನೋಡಿ. ಇದ್ದರೆ ಮೊದಲು ಅದನ್ನು ಅಳಿಸಿ. ಆ ನಾಯಿ ಎಲ್ಲಿಗೂ ಹೋಗಿಲ್ಲ. ಅಲ್ಲೇ ಮೇಲಿನ ಖಾಲಿ ಜಾಗದಲ್ಲಿ, ಒಂದು ಕಿವಿ ಮಡಿಚಿಕೊಂಡು, ನಿಮ್ಮ ಹೆಸರಿಗಾಗಿ ಕಾಯುತ್ತಿದೆ.